ಭಿನ್ನರಾಶಿಗಳಿರುವ ನಿರಪೇಕ್ಷ ಬೆಲೆಯ ಸಮೀಕರಣಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಗಂಗಾವತಿಯಲ್ಲಿ ಸಂಜೆ ಹೊತ್ತು ಪ್ರೌಢಶಾಲೆ ಮತ್ತು ಪಿಯುಸಿ ಮಕ್ಕಳಿಗೆ ಗಣಿತ ಹೇಳಿಕೊಡುವಾಗ ನನ್ನ ಮುಂದೆ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಬರೆದಿಟ್ಟಿದ್ದೇನೆ. ಸುತ್ತಲಿನ ಹಳ್ಳಿಗಳಿಂದ ಬರುವ ಅನೇಕರು ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ವಿಜ್ಞಾನ ವಿಭಾಗಕ್ಕೆ ಸೇರಿದ ಮೇಲೆ ‘ಮಾಡ್ಯುಲಸ್’ ಎಂಬ ಹೆಸರನ್ನು ಮೊದಲ ಸಲ ಕೇಳಿ, ಅದು ತಮಗೆ ಗೊತ್ತಿಲ್ಲದ ಹೊಸ ವಿಷಯವೆಂದು ತಿಳಿದು ಗಾಬರಿಯಾಗುತ್ತಾರೆ. ಅದು ಅವರು ಕೆಳಗಿನ ತರಗತಿಗಳಲ್ಲಿಯೇ ಕಲಿತ ನಿರಪೇಕ್ಷ ಬೆಲೆ. ಅದರೊಂದಿಗೆ ಭಿನ್ನರಾಶಿಯೂ ಸೇರಿಕೊಂಡರೆ ಗೊಂದಲ ಎಲ್ಲಿ ಹುಟ್ಟುತ್ತದೆ, ಅದನ್ನು ಹೇಗೆ ಬಿಡಿಸಿಕೊಳ್ಳಬೇಕು ಎಂಬುದಷ್ಟೇ ಈ ಬರಹದ ವಿಷಯ.

ಗೊತ್ತಿಲ್ಲದ ಸಂಖ್ಯೆಯನ್ನು ಇಲ್ಲಿ ‘ಯ’ ಎಂದು ಬರೆದಿದ್ದೇನೆ. ನಿಮ್ಮ ಪುಸ್ತಕದ ಎಕ್ಸ್ ಇದೇ. ನಮ್ಮ ದೇಶದ ಹಳೆಯ ಬೀಜಗಣಿತಜ್ಞರು ಗೊತ್ತಿಲ್ಲದ ರಾಶಿಯನ್ನು ‘ಯಾವತ್ತಾವತ್’ ಎಂದು ಕರೆದು, ಅದರ ಮೊದಲ ಅಕ್ಷರ ‘ಯಾ’ವನ್ನೇ ಗುರುತಾಗಿ ಬಳಸುತ್ತಿದ್ದರು.

ನಿರಪೇಕ್ಷ ಬೆಲೆ ಎಂದರೆ ಏನು? ‘ಮೈನಸ್ ತೆಗೆದುಹಾಕುವುದು’ ಎಂದು ತಿಳಿದುಕೊಂಡರೆ ಸಾಲದೇ?

ಸಾಲದು. ಒಂದು ಸಂಖ್ಯೆಯ ನಿರಪೇಕ್ಷ ಬೆಲೆ ಎಂದರೆ ಸಂಖ್ಯಾರೇಖೆಯ ಮೇಲೆ ಸೊನ್ನೆಯಿಂದ ಆ ಸಂಖ್ಯೆಗೆ ಇರುವ ದೂರ. 3/4 ಸೊನ್ನೆಯ ಬಲಕ್ಕೆ ಮುಕ್ಕಾಲು ದೂರದಲ್ಲಿದೆ, −3/4 ಎಡಕ್ಕೆ ಅಷ್ಟೇ ದೂರದಲ್ಲಿದೆ, ಆದ್ದರಿಂದ |3/4| ಮತ್ತು |−3/4| ಎರಡೂ 3/4. ದೂರಕ್ಕೆ ದಿಕ್ಕಿಲ್ಲ, ಹಾಗಾಗಿ ಅದು ಎಂದಿಗೂ ಋಣವಾಗದು. ಈ ನಿಂತ ಗೀಟುಗಳ ಗುರುತನ್ನು 1841ರಲ್ಲಿ ಬಳಕೆಗೆ ತಂದವರು ಜರ್ಮನಿಯ ಗಣಿತಜ್ಞ ಕಾರ್ಲ್ ವಯರ್‌ಸ್ಟ್ರಾಸ್.

‘ಮೈನಸ್ ತೆಗೆಯುವುದು’ ಎಂಬ ತಿಳಿವಳಿಕೆ ಸಂಖ್ಯೆಗಳ ಮಟ್ಟಿಗೆ ನಡೆಯುತ್ತದೆ, ಅಕ್ಷರ ಬಂದ ಕೂಡಲೇ ಕೈಕೊಡುತ್ತದೆ. |−ಯ| ಎಂದರೆ ಯ ಎಂದು ಬರೆಯುವ ಮಕ್ಕಳು ಬಹಳ. ಯ ತಾನೇ ಋಣ ಸಂಖ್ಯೆಯಾಗಿದ್ದರೆ ಆ ಉತ್ತರ ತಪ್ಪು. ಸರಿಯಾದ ನಿಯಮ ಹೀಗಿದೆ: ಯ ಸೊನ್ನೆ ಅಥವಾ ಧನವಾಗಿದ್ದರೆ |ಯ| = ಯ, ಯ ಋಣವಾಗಿದ್ದರೆ |ಯ| = −ಯ. ಎರಡನೆಯದನ್ನು ನೋಡಿದಾಗ, ದೂರ ಹೇಗೆ ಮೈನಸ್ ಆಯಿತು ಎಂದು ಕೇಳುವವರಿದ್ದಾರೆ. ಯ = −3/4 ಎಂದು ಇಟ್ಟು ನೋಡಿ, −ಯ ಎಂದರೆ 3/4. ಅಕ್ಷರದ ಮುಂದಿನ ಮೈನಸ್ ಕಂಡ ಮಾತ್ರಕ್ಕೆ ಬೆಲೆ ಋಣವೆಂದು ತೀರ್ಮಾನಿಸಬಾರದು.

ಒಂದೇ ಸಮೀಕರಣಕ್ಕೆ ಎರಡು ಉತ್ತರ ಏಕೆ ಬರುತ್ತವೆ?

ಒಂದು ಜಾಗದಿಂದ ಇಷ್ಟೇ ದೂರ ಎಂದು ಹೇಳಿದರೆ ಆ ದೂರದಲ್ಲಿ ಎರಡು ಬದಿಗೂ ಒಂದೊಂದು ಬಿಂದು ಸಿಗುತ್ತದೆ. ಅಕ್ಕಿ ಗಿರಣಿಯಲ್ಲಿ 25 ಕಿಲೋ ಚೀಲವನ್ನು ತೂಕಕ್ಕೆ ಇಟ್ಟಾಗ ಅರ್ಧ ಕಿಲೋ ವ್ಯತ್ಯಾಸ ಕಂಡಿತು ಎಂದುಕೊಳ್ಳಿ. ಹೆಚ್ಚೋ ಕಡಿಮೆಯೋ ಎಂದು ಹೇಳದೆ ಇಷ್ಟನ್ನೇ ಹೇಳಿದರೆ, ಅದು |ಯ − 25| = 1/2 ಎಂಬ ಸಮೀಕರಣ. ಚೀಲದ ತೂಕ 25½ ಕಿಲೋ ಆಗಿರಬಹುದು, 24½ ಕಿಲೋ ಆಗಿರಲೂಬಹುದು. ಬಲಭಾಗದ ಸಂಖ್ಯೆ ಧನವಾಗಿದ್ದಾಗ, ಗೀಟುಗಳ ಒಳಗಿನದು ಅದಕ್ಕೆ ಸಮ ಎಂದು ಒಮ್ಮೆ, ಅದರ ಋಣಕ್ಕೆ ಸಮ ಎಂದು ಇನ್ನೊಮ್ಮೆ ಬರೆಯುವುದು ಇದೇ ಕಾರಣಕ್ಕೆ.

ಗೀಟುಗಳ ಒಳಗೆ ಭಿನ್ನರಾಶಿ ಇದ್ದರೆ ಮೊದಲು ಗೀಟು ತೆಗೆಯಬೇಕೋ, ಛೇದ ತೆಗೆಯಬೇಕೋ?

ಎರಡೂ ದಾರಿ ಸರಿ. ಆದರೆ ಛೇದವನ್ನು ಮೊದಲು ತೆಗೆದರೆ ಆ ಕೆಲಸ ಒಂದೇ ಸಲ ಮುಗಿಯುತ್ತದೆ, ಗೀಟನ್ನು ಮೊದಲು ತೆಗೆದರೆ ಎರಡು ಸಮೀಕರಣಗಳಲ್ಲಿಯೂ ಅದನ್ನೇ ಮಾಡಬೇಕಾಗುತ್ತದೆ. ಹೀಗಾಗಿ ನಾನು ಮೊದಲನೆಯದನ್ನೇ ಹೇಳಿಕೊಡುತ್ತೇನೆ.

|(2ಯ − 1)/3| = 5 ಎಂಬುದನ್ನು ತೆಗೆದುಕೊಳ್ಳಿ. ಎರಡೂ ಭಾಗಗಳನ್ನು 3ರಿಂದ ಗುಣಿಸಿದರೆ |2ಯ − 1| = 15. ಈಗ 2ಯ − 1 = 15 ಆದರೆ ಯ = 8, 2ಯ − 1 = −15 ಆದರೆ ಯ = −7. ತಾಳೆ ನೋಡಿ: (16 − 1)/3 = 5, (−14 − 1)/3 = −5, ಎರಡರ ನಿರಪೇಕ್ಷ ಬೆಲೆಯೂ 5.

ಛೇದಗಳು ಬೇರೆ ಬೇರೆಯಾಗಿದ್ದರೆ?

ಎಲ್ಲ ಛೇದಗಳ ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ, ಅಂದರೆ ಅವೆಲ್ಲವುಗಳಿಂದಲೂ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) ಕಂಡುಹಿಡಿದು, ಎರಡೂ ಭಾಗಗಳ ಪ್ರತಿಯೊಂದು ಪದವನ್ನೂ ಅದರಿಂದ ಗುಣಿಸಬೇಕು. ಇದು ನಮ್ಮ ಹೊಲಗಳಲ್ಲಿ ದಿನವೂ ನಡೆಯುವ ಲೆಕ್ಕವೇ. ಒಬ್ಬ ಮಗನಿಗೆ ಎಕರೆಯ ಕಾಲು ಭಾಗ, ಇನ್ನೊಬ್ಬನಿಗೆ ಎಕರೆಯ 3/8 ಭಾಗ ಎಂದು ಯಾರೂ ಜಗಳವಾಡುವುದಿಲ್ಲ. ಎಕರೆಗೆ 40 ಗುಂಟೆಯಾದ್ದರಿಂದ ಒಬ್ಬನಿಗೆ 10 ಗುಂಟೆ, ಇನ್ನೊಬ್ಬನಿಗೆ 15 ಗುಂಟೆ ಎನ್ನುತ್ತಾರೆ. ಭೂಮಿ ಅಷ್ಟೇ ಇದೆ, ಅಳತೆಯನ್ನು ಸಣ್ಣದು ಮಾಡಿಕೊಂಡದ್ದರಿಂದ ಭಿನ್ನರಾಶಿ ಹೋಯಿತು.

|ಯ/2 − 3/4| = 5/6 ಎಂಬ ಸಮೀಕರಣದಲ್ಲಿ 2, 4, 6ರ ಲ.ಸಾ.ಅ. 12. ಅದರಿಂದ ಗುಣಿಸಿದರೆ |6ಯ − 9| = 10 ಆಗುತ್ತದೆ. 6ಯ = 19 ಅಥವಾ 6ಯ = −1, ಅಂದರೆ ಯ = 19/6 ಅಥವಾ ಯ = −1/6. ಮೊದಲನೆಯದನ್ನು ತಾಳೆ ನೋಡಿದರೆ 19/12 − 9/12 = 10/12 = 5/6. ಎರಡನೆಯದನ್ನು ನೋಡಿದರೆ −1/12 − 9/12 = −10/12, ಅದರ ನಿರಪೇಕ್ಷ ಬೆಲೆಯೂ 5/6.

ಭಿನ್ನರಾಶಿಗಳನ್ನು ಸಮಚ್ಛೇದಕ್ಕೆ ತರಲು ಲ.ಸಾ.ಅ. ಬಳಸುವ ವಿಧಾನವನ್ನು ಒಂಬತ್ತನೆಯ ಶತಮಾನದಲ್ಲಿಯೇ ಸ್ಪಷ್ಟವಾಗಿ ಹೇಳಿದವರು ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು. ತಮ್ಮ ‘ಗಣಿತಸಾರಸಂಗ್ರಹ’ದಲ್ಲಿ ಅವರು ಲ.ಸಾ.ಅ.ವನ್ನು ‘ನಿರುದ್ಧ’ ಎಂದು ಕರೆದಿದ್ದಾರೆ. ಕನ್ನಡ ನೆಲವನ್ನು ಆಳಿದ ದೊರೆಯ ಆಶ್ರಯದಲ್ಲಿ ಬೆಳೆದ ಈ ಗಣಿತವನ್ನು ನಮ್ಮ ಮಕ್ಕಳು ಪರಕೀಯವೆಂದು ಭಾವಿಸುವುದು ನನಗೆ ನೋವಿನ ಸಂಗತಿ.

12ರಿಂದ ಗುಣಿಸುವಾಗ ಅದು ಗೀಟಿನ ಒಳಗೆ ಹೇಗೆ ಹೋಯಿತು? ಯಾವ ಸಂಖ್ಯೆಯನ್ನಾದರೂ ಹೀಗೆ ಒಳಗೆ ಒಯ್ಯಬಹುದೇ?

ಬಹಳ ಒಳ್ಳೆಯ ಪ್ರಶ್ನೆ, ಇದನ್ನು ಕೇಳಿದ ವಿದ್ಯಾರ್ಥಿ ಮುಂದೆ ತಪ್ಪುವುದು ಕಡಿಮೆ. ಎರಡು ಸಂಖ್ಯೆಗಳ ಗುಣಲಬ್ಧದ ನಿರಪೇಕ್ಷ ಬೆಲೆ ಅವುಗಳ ನಿರಪೇಕ್ಷ ಬೆಲೆಗಳ ಗುಣಲಬ್ಧಕ್ಕೆ ಸಮ. 12 ಧನ ಸಂಖ್ಯೆಯಾದ್ದರಿಂದ |12| = 12, ಹಾಗಾಗಿ ಹೊರಗಿನ 12 ಒಳಗೆ ಹೋದರೂ ಬೆಲೆ ಬದಲಾಗುವುದಿಲ್ಲ. −12 ಹಾಗೆ ಹೋಗಲಾರದು. −12 × |ಯ/2| ಋಣ ಅಥವಾ ಸೊನ್ನೆ, |−12 × ಯ/2| ಧನ ಅಥವಾ ಸೊನ್ನೆ, ಯ ಸೊನ್ನೆಯಾಗಿದ್ದಾಗ ಹೊರತು ಇವೆರಡೂ ಸಮವಲ್ಲ. ಹೊರಗೆ ಋಣ ಸಂಖ್ಯೆ ಇದ್ದರೆ ಅದರಿಂದ ಎರಡೂ ಭಾಗಗಳನ್ನು ಭಾಗಿಸಿ ಮೊದಲೇ ಬೇರ್ಪಡಿಸಿಬಿಡಿ.

ಕೂಡುವ ಸಂಖ್ಯೆಯಂತೂ, ಧನವಾಗಲಿ ಋಣವಾಗಲಿ, ಗೀಟನ್ನು ದಾಟಲು ಸಾಧ್ಯವೇ ಇಲ್ಲ.

ಗೀಟುಗಳ ಹೊರಗೂ ಭಿನ್ನರಾಶಿಗಳಿದ್ದರೆ ಎಲ್ಲಿಂದ ಆರಂಭಿಸಬೇಕು?

ಗೀಟುಗಳಿರುವ ಪದವನ್ನು ಒಂಟಿಯಾಗಿ ನಿಲ್ಲಿಸುವುದರಿಂದ. ನಾನು ತಿದ್ದುವ ಪುಸ್ತಕಗಳಲ್ಲಿ ಕಾಣುವ ತಪ್ಪುಗಳಲ್ಲಿ ಹೆಚ್ಚಿನವು ಈ ಒಂದು ಹಂತವನ್ನು ಬಿಟ್ಟದ್ದರಿಂದ ಆದವು.

(2/3)|ಯ − 1/2| + 1/4 = 3/2 ಎಂಬುದನ್ನು ನೋಡೋಣ. 1/4ನ್ನು ಬಲಕ್ಕೆ ಒಯ್ದರೆ (2/3)|ಯ − 1/2| = 5/4. ಎರಡೂ ಭಾಗಗಳನ್ನು 3/2ರಿಂದ ಗುಣಿಸಿದರೆ |ಯ − 1/2| = 15/8. ಈಗ ಗೀಟು ಒಂಟಿಯಾಯಿತು. ಯ = 1/2 + 15/8 = 19/8, ಇಲ್ಲವೇ ಯ = 1/2 − 15/8 = −11/8. ಎರಡೂ ಸರಿ ಹೋಗುತ್ತವೆ.

ಕಳೆದ ವರ್ಷ ಒಬ್ಬ ಹುಡುಗಿ ಇದೇ ಲೆಕ್ಕವನ್ನು ಅಚ್ಚುಕಟ್ಟಾಗಿ, ಒಂದು ಅಕ್ಷರವನ್ನೂ ಹೊಡೆದುಹಾಕದೆ ಬರೆದು ತಂದಳು. ಆದರೆ ಅವಳ ಎರಡನೆಯ ಉತ್ತರ −17/8. “ಸರ್, ಎಲ್ಲಾ ಹಂತ ಸರಿ ಅದಾವ್ರಿ, ಪುಸ್ತಕದಾಗಿನ ಉತ್ತರಾನ ತಪ್ಪಿರಬೇಕ್ರಿ” ಎಂದಳು. ಅವಳು ಮೊದಲ ಸಾಲಿನಲ್ಲಿಯೇ ಗೀಟು ತೆಗೆದು, (2/3)(ಯ − 1/2) + 1/4 = −3/2 ಎಂದು ಬರೆದಿದ್ದಳು. ಮೈನಸ್ ಗುರುತು ಗೀಟಿನ ಒಳಗಿನದಕ್ಕೆ ಮಾತ್ರ ಸೇರಬೇಕಾದದ್ದು, ಹೊರಗೆ ಕೂಡಿದ್ದ 1/4ಕ್ಕೂ ಸೇರಿಬಿಟ್ಟಿತ್ತು. −17/8ನ್ನು ಮೂಲ ಸಮೀಕರಣದಲ್ಲಿ ಇಟ್ಟು ನೋಡಲು ಹೇಳಿದೆ. ಗೀಟಿನ ಒಳಗೆ −21/8, ನಿರಪೇಕ್ಷ ಬೆಲೆ 21/8, ಅದರ 2/3 ಭಾಗ 7/4, ಅದಕ್ಕೆ 1/4 ಕೂಡಿದರೆ 2. ಬರಬೇಕಾದದ್ದು 3/2. ಅವಳು ತಾನೇ ಮೊದಲ ಸಾಲಿಗೆ ಹಿಂತಿರುಗಿ, ಬೆರಳಿಟ್ಟು ತಪ್ಪನ್ನು ತೋರಿಸಿದಳು. ನಾನು ಹೇಳಿದ್ದರೆ ಅದು ಅಷ್ಟು ನೆಲೆಯಾಗುತ್ತಿರಲಿಲ್ಲ.

ಉತ್ತರವೇ ಇಲ್ಲದ ಸಮೀಕರಣಗಳು ಇರುತ್ತವೆಯೇ?

ಇರುತ್ತವೆ. |ಯ/5 + 2| + 7/3 = 4/3 ಎಂಬುದರಲ್ಲಿ ಗೀಟನ್ನು ಒಂಟಿ ಮಾಡಿದರೆ ಬಲಭಾಗದಲ್ಲಿ −1 ಉಳಿಯುತ್ತದೆ. ದೂರ −1 ಆಗಲಾರದು, ಆದ್ದರಿಂದ ಪರಿಹಾರವಿಲ್ಲ ಎಂದು ಬರೆದು ಅಲ್ಲಿಗೇ ನಿಲ್ಲಿಸಬೇಕು. ಬಲಭಾಗ ಸೊನ್ನೆಯಾದರೆ ಉತ್ತರ ಒಂದೇ: |3ಯ/4 − 1/2| = 0 ಆದರೆ ಯ = 2/3.

ಎರಡೂ ಭಾಗಗಳಲ್ಲಿ ‘ಯ’ ಇದ್ದಾಗ ಸರಿಯಾಗಿ ಬಿಡಿಸಿದರೂ ಒಂದು ಉತ್ತರ ತಾಳೆಯಾಗುವುದಿಲ್ಲ. ಏಕೆ?

ಬಲಭಾಗದಲ್ಲಿ ಅಕ್ಷರವಿದ್ದಾಗ ಅದು ಧನವೋ ಋಣವೋ ಎಂಬುದು ಯ ಸಿಗುವವರೆಗೆ ನಮಗೆ ಗೊತ್ತಿರುವುದಿಲ್ಲ. ಆದರೂ ನಾವು ಎರಡು ಸಮೀಕರಣ ಬರೆದು ಮುಂದುವರಿಯುತ್ತೇವೆ. ಹೀಗೆ ಮುಂದಕ್ಕೆ ಹೋದಾಗ ಸಿಗುವ ಕೆಲವು ಬೆಲೆಗಳು ಬಲಭಾಗವನ್ನು ಋಣ ಮಾಡುತ್ತವೆ, ಅಂಥವು ಮೂಲ ಸಮೀಕರಣಕ್ಕೆ ಸೇರಿದವಲ್ಲ.

|ಯ/3 + 1| = ಯ/2 − 2 ಎಂಬುದನ್ನು 6ರಿಂದ ಗುಣಿಸಿದರೆ |2ಯ + 6| = 3ಯ − 12. ಮೊದಲ ಸಂದರ್ಭದಲ್ಲಿ 2ಯ + 6 = 3ಯ − 12, ಯ = 18. ಎರಡನೆಯ ಸಂದರ್ಭದಲ್ಲಿ 2ಯ + 6 = −3ಯ + 12, ಯ = 6/5. ಈಗ ಮೂಲ ಸಮೀಕರಣಕ್ಕೆ ಹೋಗೋಣ. ಯ = 18 ಆದಾಗ ಎಡಭಾಗ 7, ಬಲಭಾಗವೂ 7. ಯ = 6/5 ಆದಾಗ ಎಡಭಾಗ 2/5 + 1 = 7/5, ಬಲಭಾಗ 3/5 − 2 = −7/5. ಸಂಖ್ಯೆ ಒಂದೇ, ಗುರುತು ಮಾತ್ರ ವಿರುದ್ಧ. ಹೀಗೆ ಗುರುತಷ್ಟೇ ವಿರುದ್ಧವಾಗಿ ಬಂದರೆ ನಿಮ್ಮ ಲೆಕ್ಕದಲ್ಲಿ ತಪ್ಪಿಲ್ಲ, ಆ ಉತ್ತರವನ್ನು ಕೈಬಿಡಬೇಕು ಎಂದರ್ಥ. ಸಂಖ್ಯೆಯೇ ಬೇರೆ ಬಂದರೆ ಎಲ್ಲೋ ಕೂಡುವಲ್ಲಿ ಕಳೆಯುವಲ್ಲಿ ಎಡವಿದ್ದೀರಿ. ಈ ವ್ಯತ್ಯಾಸವನ್ನು ಗುರುತಿಸಲು ಕಲಿತರೆ ಪರೀಕ್ಷಾ ಕೊಠಡಿಯಲ್ಲಿ ಬಹಳ ಸಮಯ ಉಳಿಯುತ್ತದೆ.

ಎರಡೂ ಭಾಗಗಳಲ್ಲಿ ಗೀಟುಗಳಿದ್ದರೆ ನಾಲ್ಕು ಸಂದರ್ಭಗಳನ್ನು ಬರೆಯಬೇಕೇ?

ಬೇಡ, ಎರಡು ಸಾಕು. ಧನಕ್ಕೆ ಧನ ಮತ್ತು ಋಣಕ್ಕೆ ಋಣ ಎಂಬೆರಡು ಒಂದೇ ಸಮೀಕರಣ, ಉಳಿದೆರಡೂ ಹಾಗೆಯೇ. |ಯ/2 − 1/3| = |ಯ/4 + 1/6| ಎಂಬುದನ್ನು 12ರಿಂದ ಗುಣಿಸಿದರೆ |6ಯ − 4| = |3ಯ + 2|. ಒಳಗಿನವು ಸಮವಾದರೆ ಯ = 2, ಪರಸ್ಪರ ಋಣವಾದರೆ 9ಯ = 2, ಯ = 2/9. ಎರಡೂ ಭಾಗಗಳ ವರ್ಗ ಮಾಡಿಯೂ ಇದನ್ನು ಬಿಡಿಸಬಹುದು, ಆದರೆ ಭಿನ್ನರಾಶಿಗಳ ವರ್ಗದಿಂದ ಸಂಖ್ಯೆಗಳು ಬೆಳೆದು ಕೊನೆಗೆ ವರ್ಗಸಮೀಕರಣ ಎದುರಾಗುತ್ತದೆ. ಇಲ್ಲಿ ಅದರ ಅಗತ್ಯ ನನಗೆ ಕಾಣುವುದಿಲ್ಲ.

‘ಯ’ ಛೇದದಲ್ಲಿಯೇ ಇದ್ದರೆ?

ಮೊದಲ ಸಾಲಿನಲ್ಲಿಯೇ ಛೇದವನ್ನು ಸೊನ್ನೆ ಮಾಡುವ ಬೆಲೆಯನ್ನು ಬರೆದು, ಅದು ಉತ್ತರವಾಗಬಾರದು ಎಂದು ನಮೂದಿಸಿ. |(ಯ + 1)/(ಯ − 2)| = 1/2 ಎಂಬಲ್ಲಿ ಯ 2 ಆಗಬಾರದು. ಛೇದವನ್ನು ಅದರ ಗೀಟಿನೊಂದಿಗೇ ಆಚೆ ಒಯ್ಯಬೇಕು: 2|ಯ + 1| = |ಯ − 2|. ಗೀಟಿಲ್ಲದೆ ಬರಿಯ ಯ − 2 ಎಂದು ಒಯ್ಯುವುದು ತಪ್ಪು, ಏಕೆಂದರೆ ಅದು ಧನವೆಂಬ ಖಾತ್ರಿ ನಮಗಿಲ್ಲ. ಮುಂದೆ 2ಯ + 2 = ಯ − 2 ಆದರೆ ಯ = −4, 2ಯ + 2 = −ಯ + 2 ಆದರೆ ಯ = 0. ಎರಡೂ ಸರಿ.

ಇದೇ ಸಮೀಕರಣದ ಬಲಭಾಗದಲ್ಲಿ 1/2ರ ಬದಲು 1 ಇದ್ದಿದ್ದರೆ, ಒಂದು ಸಂದರ್ಭ ಯ + 1 = ಯ − 2 ಆಗಿ, 1 = −2 ಎಂಬ ಅಸಂಬದ್ಧಕ್ಕೆ ಬಂದು ನಿಲ್ಲುತ್ತಿತ್ತು. ಆಗ ಆ ಸಂದರ್ಭದಿಂದ ಉತ್ತರವಿಲ್ಲ, ಇನ್ನೊಂದರಿಂದ ಯ = 1/2 ಮಾತ್ರ.

ಎರಡು ನಿರಪೇಕ್ಷ ಬೆಲೆಗಳನ್ನು ಕೂಡಿದ್ದರೆ ಏನು ಮಾಡಬೇಕು? ಎಷ್ಟು ಸಂದರ್ಭ ಬರೆದರೂ ಗೊಂದಲವಾಗುತ್ತದೆ.

ಇಲ್ಲಿ ಸಂದರ್ಭಗಳನ್ನು ಬರೆಯುವ ಮೊದಲು ಒಂದು ಚಿತ್ರ ಬಿಡಿಸಿಕೊಳ್ಳಿ. |ಯ − 1/2| + |ಯ + 3/4| = 2 ಎಂಬ ಸಮೀಕರಣವನ್ನು ಎಡದಂಡೆ ಕಾಲುವೆಯ ಪಕ್ಕದ ನೇರ ದಾರಿಯ ಮೇಲೆ ಇಡೋಣ. ಒಂದು ತೂಬು ಇರುವ ಜಾಗವನ್ನು ಸೊನ್ನೆ ಎಂದುಕೊಳ್ಳಿ. ತೂಬಿನಿಂದ ಪೂರ್ವಕ್ಕೆ ಅರ್ಧ ಕಿಲೋಮೀಟರ್ ದೂರದಲ್ಲಿ ಪಂಪ್‌ಸೆಟ್ ಮನೆ, ಪಶ್ಚಿಮಕ್ಕೆ ಮುಕ್ಕಾಲು ಕಿಲೋಮೀಟರ್ ದೂರದಲ್ಲಿ ಕಣ. ದಾರಿಯ ಮೇಲೆ ನಿಂತ ರೈತನಿಗೆ ಪಂಪ್‌ಸೆಟ್ ಮನೆಗೆ ಇರುವ ದೂರವನ್ನೂ ಕಣಕ್ಕೆ ಇರುವ ದೂರವನ್ನೂ ಕೂಡಿದರೆ 2 ಕಿಲೋಮೀಟರ್ ಆಗುತ್ತದೆ. ಅವನು ಎಲ್ಲಿ ನಿಂತಿದ್ದಾನೆ?

ಪಂಪ್‌ಸೆಟ್ ಮನೆಗೂ ಕಣಕ್ಕೂ ನಡುವಿನ ದೂರ 1/2 + 3/4 = 5/4 ಕಿಲೋಮೀಟರ್. ಅವನು ಇವೆರಡರ ನಡುವೆ ಎಲ್ಲಿ ನಿಂತರೂ ಎರಡು ದೂರಗಳ ಮೊತ್ತ 5/4, ಒಂದರ ಕಡೆ ಸರಿದಷ್ಟು ಇನ್ನೊಂದರಿಂದ ದೂರವಾಗುತ್ತಾನೆ. ಮೊತ್ತ 2 ಆಗಬೇಕಾದರೆ ಅವನು ಹೊರಗೆ ನಿಂತಿರಲೇಬೇಕು. ಹೊರಗೆ ಇಟ್ಟ ಪ್ರತಿ ಹೆಜ್ಜೆಯೂ ಎರಡೂ ದೂರಗಳಿಗೆ ಸೇರುವುದರಿಂದ, ಹೆಚ್ಚಿಗೆ ಬೇಕಾದ 2 − 5/4 = 3/4ರಲ್ಲಿ ಅರ್ಧ, ಅಂದರೆ 3/8 ಕಿಲೋಮೀಟರ್ ಹೊರಗೆ ಹೋದರೆ ಸಾಕು. ಪೂರ್ವದ ಕಡೆ ಯ = 1/2 + 3/8 = 7/8, ಪಶ್ಚಿಮದ ಕಡೆ ಯ = −3/4 − 3/8 = −9/8. ತಾಳೆ ನೋಡಿ: 7/8ರಲ್ಲಿ ನಿಂತರೆ ದೂರಗಳು 3/8 ಮತ್ತು 13/8, ಮೊತ್ತ 16/8 = 2. −9/8ರಲ್ಲಿ ನಿಂತರೆ ಅವೇ ಎರಡು ದೂರಗಳು ಅದಲುಬದಲಾಗುತ್ತವೆ.

ಬಲಭಾಗದಲ್ಲಿ 2ರ ಬದಲು 5/4 ಇದ್ದಿದ್ದರೆ −3/4ರಿಂದ 1/2ರವರೆಗಿನ ಪ್ರತಿ ಬಿಂದುವೂ ಉತ್ತರ. 5/4ಕ್ಕಿಂತ ಕಡಿಮೆ ಇದ್ದಿದ್ದರೆ ಉತ್ತರವೇ ಇಲ್ಲ. ಪರೀಕ್ಷೆಯಲ್ಲಿ ಯ −3/4ಕ್ಕಿಂತ ಕಡಿಮೆ, ನಡುವೆ, 1/2ಕ್ಕಿಂತ ಹೆಚ್ಚು ಎಂಬ ಮೂರು ಸಂದರ್ಭಗಳನ್ನು ಬರೆದೇ ಬಿಡಿಸಿ, ಆದರೆ ಯಾವುದರಿಂದ ಏನು ಬರಬೇಕು ಎಂಬುದು ಈ ಚಿತ್ರದಿಂದ ಮೊದಲೇ ತಿಳಿದಿರುತ್ತದೆ.

ಭಿನ್ನರಾಶಿಯನ್ನು ದಶಮಾಂಶಕ್ಕೆ ಬದಲಿಸಿಕೊಂಡರೆ ಸುಲಭವಲ್ಲವೇ?

1/2, 3/4, 5/8ರಂಥವುಗಳಿಗೆ ಅಡ್ಡಿಯಿಲ್ಲ. 19/6ನ್ನು 3.17 ಎಂದು ಬರೆದರೆ ಅದು ಬೇರೆಯೇ ಸಂಖ್ಯೆ, ತಾಳೆ ನೋಡುವಾಗ 5/6 ಬರುವುದಿಲ್ಲ. ಛೇದದಲ್ಲಿ 3, 6, 7, 9 ಇದ್ದರೆ ಭಿನ್ನರಾಶಿಯಲ್ಲಿಯೇ ಉಳಿಯಿರಿ.

ಮಿಶ್ರ ಭಿನ್ನರಾಶಿ ಬಂದಾಗ?

ವಿಷಮ ಭಿನ್ನರಾಶಿಗೆ ಬದಲಿಸಿಕೊಳ್ಳಿ. ನಮ್ಮ ಸಂತೆಗಳಲ್ಲಿ ಸವ್ವಾ (1¼) ಕಿಲೋ, ದೀಡ (1½) ಕಿಲೋ ಎಂದು ಹಿರಿಯರು ಬಾಯಲ್ಲೇ ಲೆಕ್ಕ ಮುಗಿಸುತ್ತಾರೆ, ಆದರೆ ಬೀಜಗಣಿತದಲ್ಲಿ ಒಂದರ ಪಕ್ಕ ಒಂದನ್ನು ಬರೆದರೆ ಗುಣಾಕಾರ ಎಂಬ ರೂಢಿಯಿರುವುದರಿಂದ 1½ ಗೊಂದಲಕ್ಕೆ ಎಡೆ ಮಾಡುತ್ತದೆ. |ಯ − 2½| = 1¼ ಎಂಬುದನ್ನು |ಯ − 5/2| = 5/4 ಎಂದು ಬರೆದರೆ ಯ = 15/4 ಅಥವಾ 5/4.

ಗೀಟುಗಳನ್ನು ಬರೆಯುವ ಬಗ್ಗೆ ಎಚ್ಚರಿಕೆ ಏನಾದರೂ ಇದೆಯೇ?

ಇದೆ. ಗೀಟು ಇಡೀ ಭಿನ್ನರಾಶಿಯಷ್ಟು ಉದ್ದವಿರಬೇಕು, ಅಂಶದ ಮೇಲಿನಿಂದ ಛೇದದ ಕೆಳಗಿನವರೆಗೆ. ಗಿಡ್ಡ ಗೀಟು 1ರಂತೆ ಕಾಣುತ್ತದೆ. |3| ಎಂದು ಬರೆದದ್ದನ್ನು ಮುಂದಿನ ಸಾಲಿನಲ್ಲಿ ತಾನೇ 131 ಎಂದು ಓದಿಕೊಂಡು, ಇಡೀ ಲೆಕ್ಕ ಕೆಡಿಸಿಕೊಂಡ ಹುಡುಗನ ಪುಸ್ತಕವನ್ನು ನಾನು ನೋಡಿದ್ದೇನೆ. ಗೀಟು ಅಂಶಕ್ಕೆ ಮಾತ್ರ ಇದೆಯೋ ಇಡೀ ಭಿನ್ನರಾಶಿಗೆ ಇದೆಯೋ ಎಂಬುದನ್ನೂ ಗಮನಿಸಿ: ಛೇದ 4 ಆಗಿದ್ದರೆ ಎರಡೂ ಒಂದೇ, ಛೇದ −4 ಆಗಿದ್ದರೆ ಒಂದಲ್ಲ.

ಗಣಿತದಲ್ಲಿ ಸರಿಯಾದ ಎರಡು ಉತ್ತರಗಳಲ್ಲಿ ಒಂದನ್ನು ಬಿಡಬೇಕಾದ ಸಂದರ್ಭವಿದೆಯೇ?

ಮಾತಿನ ಲೆಕ್ಕಗಳಲ್ಲಿ ಇದೆ. ತುಂಗಭದ್ರಾ ಜಲಾಶಯದ ಗರಿಷ್ಠ ಮಟ್ಟ 1633 ಅಡಿ. ‘ನೀರಿನ ಮಟ್ಟಕ್ಕೂ ಗರಿಷ್ಠ ಮಟ್ಟಕ್ಕೂ ಎರಡೂವರೆ ಅಡಿ ಅಂತರವಿದೆ’ ಎಂಬ ಮಾತನ್ನು |ಯ − 1633| = 5/2 ಎಂದು ಬರೆದರೆ ಯ = 1635½ ಅಥವಾ 1630½. ಸಮೀಕರಣಕ್ಕೆ ಎರಡೂ ಸಲ್ಲುತ್ತವೆ. ಆದರೆ ಮುನಿರಾಬಾದಿನ ಕಡೆಯಿಂದ ಒಮ್ಮೆಯಾದರೂ ಆ ಜಲಾಶಯವನ್ನು ಕಂಡ ಮಗು, ಗರಿಷ್ಠ ಮಟ್ಟಕ್ಕಿಂತ ಎರಡೂವರೆ ಅಡಿ ಮೇಲೆ ನೀರು ನಿಲ್ಲಿಸುವುದಿಲ್ಲ ಎಂದು ತಿಳಿದು ಮೊದಲನೆಯದನ್ನು ಬಿಡುತ್ತದೆ. ಹೀಗೆ ಬಿಡುವಾಗ ಕಾರಣವನ್ನು ಒಂದು ಸಾಲಿನಲ್ಲಿ ಬರೆಯಬೇಕು. ಹಿಂದೆ 6/5ನ್ನು ಬಿಟ್ಟದ್ದು ಸಮೀಕರಣವೇ ಒಪ್ಪಲಿಲ್ಲವೆಂದು, ಇಲ್ಲಿ 1635½ನ್ನು ಬಿಡುತ್ತಿರುವುದು ಜಲಾಶಯ ಒಪ್ಪುವುದಿಲ್ಲವೆಂದು.